ಬೋರ್ ನೀರಿನ ವರದಿಯ ಕೊನೆಯ ಎರಡು ಸಾಲು

ಜಾಂಬೋಟಿ ಕಡೆಯ ಗುಡ್ಡದ ಊರೊಂದರಲ್ಲಿ ನನ್ನ ಕಾಕಾ ಇದ್ದಾರೆ. ಅವರ ಮಗ ಈಗ ಹೋಮ್‌ಸ್ಟೇ ಶುರುಮಾಡಿದ್ದಾನೆ. ಬಂದವರು ನೀರಿನ ಬಗ್ಗೆ ಕೇಳಿಯೇ ಕೇಳುತ್ತಾರೆ ಎಂದು ಬೋರ್ ನೀರನ್ನು ಪರೀಕ್ಷೆಗೆ ಕೊಟ್ಟಿದ್ದ. ವರದಿ ಬಂತು. ಗಡಸುತನ, ನೈಟ್ರೇಟ್, ಫ್ಲೋರೈಡ್, ಎಲ್ಲ ಕೇಳಿದ ಹೆಸರುಗಳೇ. ಆದರೆ ಕೊನೆಯಲ್ಲಿ ‘ವಿಕಿರಣಶೀಲ ವಸ್ತುಗಳು’ ಎಂಬ ತಲೆಬರಹದ ಕೆಳಗೆ ಎರಡು ಸಾಲು ಇದ್ದವು. ಒಟ್ಟು ಆಲ್ಫಾ: ಬಿಡಿಎಲ್. ಒಟ್ಟು ಬೀಟಾ: ಲೀಟರಿಗೆ 0.2 ಬೆಕ್ವೆರೆಲ್.

ಅವತ್ತೇ ಸಂಜೆ ಕಾಕಾನ ಫೋನ್. "ತಮ್ಮಾ, ನಮ್ಮ ಬೋರಿನ ನೀರಾಗ ರೇಡಿಯೇಶನ್ ಐತಂತ ನೋಡ. ಕೈಗಾದಿಂದ ಬಂದೈತೇನ ಮತ್ತ?"

ಕೈಗಾದಿಂದ ಬಂದದ್ದಲ್ಲ. ಕೈಗಾ ಅಣುಸ್ಥಾವರ ಇರುವುದು ಕಾಳಿ ನದಿಯ ದಂಡೆಯಲ್ಲಿ. ಕಾಳಿ ಘಟ್ಟ ಇಳಿದು ಕಾರವಾರದ ಹತ್ತಿರ ಸಮುದ್ರ ಸೇರುತ್ತದೆ. ಕಾಕಾನ ಊರಿನ ಕಡೆಯ ನದಿ, ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಮುಖ ಮಾಡುವುದು ಪೂರ್ವಕ್ಕೆ, ಕೃಷ್ಣೆಯ ಕಡೆಗೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕೈಗಾ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಕೊಡಲು ಶುರುಮಾಡಿದ್ದು 2000ದಲ್ಲಿ. ನಮ್ಮ ಗುಡ್ಡದ ಕಲ್ಲುಗಳಲ್ಲಿ ವಿಕಿರಣ ಇರುವುದು ಆ ಕಲ್ಲು ಹುಟ್ಟಿದಾಗಿನಿಂದ. ಕಲ್ಲಿನಲ್ಲಿ ಇದ್ದದ್ದು ಒಂದಿಷ್ಟು ನೀರಿಗೂ ಬರುತ್ತದೆ. ಎಷ್ಟು ಬರುತ್ತದೆ, ಯಾವ ರೂಪದಲ್ಲಿ ಬರುತ್ತದೆ ಎನ್ನುವುದೇ ಪ್ರಶ್ನೆ.

ಪಂಚಮಿಯ ಅರಳು

ಹೆಚ್ಚಿನ ಪರಮಾಣುಗಳು ಎಷ್ಟು ವರ್ಷ ಕಳೆದರೂ ಇದ್ದ ಹಾಗೇ ಇರುತ್ತವೆ. ಕೆಲವಕ್ಕೆ ಮಾತ್ರ ಒಳಗೆ ನೆಮ್ಮದಿ ಇಲ್ಲ. ಯಾವಾಗಲೋ ಒಮ್ಮೆ ತಟ್ಟನೆ ಸಿಡಿದು, ಒಂದು ಚೂರನ್ನು ಹೊರಗೆಸೆದು, ಬೇರೆಯೇ ಧಾತುವಾಗಿಬಿಡುತ್ತವೆ. ಹೊರಗೆಸೆದದ್ದು ವಿಕಿರಣ. ಹಾಗೆ ಎಸೆಯುವ ಗುಣ ವಿಕಿರಣಶೀಲತೆ.

ನಾಗರಪಂಚಮಿಗೆ ಜೋಳದ ಅರಳು ಹುರಿಯುವುದನ್ನು ನೆನಪಿಸಿಕೊಳ್ಳಿ. ಮುಂದೆ ಯಾವ ಕಾಳು ಸಿಡಿಯುತ್ತದೆ ಎಂದು ಯಾರೂ ಹೇಳಲಾರರು. ಆದರೆ ಹಾಕಿದ್ದರಲ್ಲಿ ಅರ್ಧ ಕಾಳು ಅರಳಲು ಎಷ್ಟು ಹೊತ್ತು ಬೇಕು ಎಂದು ಹುರಿಯುವ ಅವ್ವನಿಗೆ ಗೊತ್ತು. ಆ ಹೊತ್ತೇ ಅರ್ಧಾಯುಷ್ಯ. ರೇಡಾನ್ ಎಂಬ ಅನಿಲಕ್ಕೆ ಅದು 3.8 ದಿನ. ರೇಡಿಯಂಗೆ 1,600 ವರ್ಷ. ಯುರೇನಿಯಂಗೆ ಸುಮಾರು 450 ಕೋಟಿ ವರ್ಷ, ಅಂದರೆ ಹೆಚ್ಚುಕಡಿಮೆ ಭೂಮಿಯ ವಯಸ್ಸು. ಅರ್ಧಾಯುಷ್ಯ ದೊಡ್ಡದಿದ್ದರೆ ಅಪಾಯವೂ ದೊಡ್ಡದು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ವಿಷಯ ಉಲ್ಟಾ. ನಿಧಾನಕ್ಕೆ ಸಿಡಿಯುವುದು ಒಂದು ಗಂಟೆಯಲ್ಲಿ ಸಿಡಿಯುವುದು ಕಡಿಮೆ. ಅದಕ್ಕೇ ಒಂದೇ ತೂಕದ ಯುರೇನಿಯಂಗಿಂತ ರೇಡಿಯಂ ಎಷ್ಟೋ ಪಾಲು ಚುರುಕು.

ಅರಳಿನ ಹೋಲಿಕೆ ಒಂದು ಕಡೆ ಸೋಲುತ್ತದೆ. ಇಲ್ಲಿ ಒಲೆ ಇಲ್ಲ. ಕಾಯಿಸಿದರೂ, ಫ್ರಿಜ್ಜಿನಲ್ಲಿಟ್ಟರೂ, ಕ್ಲೋರಿನ್ ಹಾಕಿದರೂ ಸಿಡಿಯುವ ವೇಗ ಬದಲಾಗುವುದಿಲ್ಲ.

ಬೆಕ್ವೆರೆಲ್ ಅಂದರೆ ಸೆಕೆಂಡಿಗೆ ಒಂದು ಸಿಡಿತ. ಅಷ್ಟೇ. ಕಾಕಾನ ನೀರಿನ 0.2 ಎಂದರೆ ಒಂದು ಲೀಟರಿನಲ್ಲಿ 5 ಸೆಕೆಂಡಿಗೆ ಒಂದು ಸಿಡಿತ. ಹೆದರುವ ಮೊದಲು ಇದನ್ನೂ ಕೇಳಿ. 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಪೊಟ್ಯಾಸಿಯಂ ಒಂದರಿಂದಲೇ ಸೆಕೆಂಡಿಗೆ 4,000ಕ್ಕೂ ಜಾಸ್ತಿ ಸಿಡಿತ ನಡೆಯುತ್ತಿರುತ್ತದೆ. ಪೊಟ್ಯಾಸಿಯಂ ಇಲ್ಲದೆ ಸ್ನಾಯು, ಹೃದಯ ಕೆಲಸ ಮಾಡುವುದಿಲ್ಲ. ಅದರ ಒಂದು ಸಣ್ಣ ಪಾಲು ಹುಟ್ಟಿನಿಂದಲೇ ವಿಕಿರಣಶೀಲ.

ಇನ್ನು ಆಲ್ಫಾ, ಬೀಟಾ. ಇವು ಎಸೆದ ಚೂರಿನ ಎರಡು ಬಗೆ. ಆಲ್ಫಾ ಸಂತೆಗೆ ನುಗ್ಗಿದ ಗೂಳಿಯ ಹಾಗೆ. ನಾಲ್ಕು ಹೆಜ್ಜೆಗೇ ನಿಲ್ಲುತ್ತದೆ, ಆದರೆ ಆ ನಾಲ್ಕು ಹೆಜ್ಜೆಯಲ್ಲಿ ಸಿಕ್ಕಿದ್ದನ್ನೆಲ್ಲ ಕೆಡವುತ್ತದೆ. ಹೊರಗಿನಿಂದ ಬಂದರೆ ಚರ್ಮದ ಮೇಲ್ಪದರವೇ ಅದನ್ನು ತಡೆಯುತ್ತದೆ. ಕುಡಿದೋ ಉಸಿರಾಡಿಯೋ ಒಳಗೆ ಹೋದಾಗ ಮಾತ್ರ ತೊಂದರೆ. ಬೀಟಾ ಹಗುರ. ಸ್ವಲ್ಪ ದೂರ ಹೋಗುತ್ತದೆ, ದಾರಿಯಲ್ಲಿ ಮಾಡುವ ಹಾನಿ ಕಡಿಮೆ.

ಯಾವ ಕಲ್ಲು, ಯಾವ ನೀರು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ನೆಲ ಒಂದೇ ತರಹ ಇಲ್ಲ. ಬೆಳಗಾವಿ ಊರಿನ ಸುತ್ತ, ಉತ್ತರಕ್ಕೆ, ಮತ್ತೆ ವಿಜಯಪುರದ ಬಹುಭಾಗದಲ್ಲಿ ಎರೆ ಮಣ್ಣಿನ ಕೆಳಗೆ ಇರುವುದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದದ್ದು. ಗೋಕಾಕ ಜಲಪಾತ ಧುಮುಕುವ ಬಂಡೆ, ಬಾದಾಮಿಯ ಕೆಂಪು ಗುಡ್ಡಗಳು ಮರಳುಗಲ್ಲಿನ ಕುಲಕ್ಕೆ ಸೇರಿದವು. ಇಳಕಲ್ ಕಡೆ ಹೋದರೆ ಗ್ರಾನೈಟ್. ಅಲ್ಲಿಯ ಸೀರೆಯಷ್ಟೇ ಅಲ್ಲಿಯ ಕೆಂಪು ಕಲ್ಲಿಗೂ ಹೆಸರಿದೆ. ಖಾನಾಪುರದ ಘಟ್ಟದಲ್ಲಿ ಹಲವು ಕಡೆ ಜಂಬಿಟ್ಟಿಗೆಯ ಹೊದಿಕೆ, ಅದರ ಕೆಳಗೆ ಬಹಳ ಹಳೆಯ ಬಂಡೆ.

ಇದರಲ್ಲಿ ಯುರೇನಿಯಂ ಲೆಕ್ಕ ಹೀಗಿದೆ. ಒಂದು ಟನ್ ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ 3ರಿಂದ 5 ಗ್ರಾಂ. ಕರಿಕಲ್ಲಿನಲ್ಲಿ 1 ಗ್ರಾಂಗಿಂತ ಕಡಿಮೆ. ಮರಳುಗಲ್ಲಿನಲ್ಲಿ ಸಾಮಾನ್ಯವಾಗಿ ಕಡಿಮೆಯೇ, ಆದರೆ ಕೆಲವು ಜಾಗಗಳಲ್ಲಿ ಅದು ಒಟ್ಟಾಗಿ ಸೇರಿಕೊಂಡಿರುತ್ತದೆ. ಬೆಳಗಾವಿ ಜಿಲ್ಲೆಯ ದೇಶನೂರಿನ ಸುತ್ತಮುತ್ತ ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯ ಯುರೇನಿಯಂ ಹುಡುಕಿದ್ದು ಇಂಥ ಬಂಡೆಯಲ್ಲೇ. ಈ ಹೆಸರು ಕೇಳಿದ ಕೂಡಲೇ ಆ ಭಾಗದ ನೀರೆಲ್ಲ ಕೆಟ್ಟಿದೆ ಎಂದು ತಿಳಿಯಬಾರದು. ಕಲ್ಲಿನಲ್ಲಿ ಇರುವುದು ಬೇರೆ, ನೀರಿನಲ್ಲಿ ಕರಗುವುದು ಬೇರೆ.

ಕರಗಿಸುವುದು ಯಾವುದು? ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಬೇರು, ಕೊಳೆತ ಎಲೆಗಳಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಅದು ಕಲ್ಲಿನ ಜೊತೆ ಸೇರಿ ಬೈಕಾರ್ಬೊನೇಟ್ ಆಗುತ್ತದೆ. ಯುರೇನಿಯಂಗೆ ಬೈಕಾರ್ಬೊನೇಟ್ ಸಿಕ್ಕರೆ ಕಲ್ಲು ಬಿಟ್ಟು ನೀರಿಗೆ ಇಳಿಯುವುದು ಸುಲಭ. ಗೊಬ್ಬರದಿಂದ ಇಳಿದ ನೈಟ್ರೇಟ್ ಕೂಡ ಇದಕ್ಕೆ ಕೈಜೋಡಿಸುತ್ತದೆ. ಮೂರನೆಯದು ಸಮಯ. ಬಂಡೆಯ ಬಿರುಕಿನಲ್ಲಿ ನೂರಾರು ಅಡಿ ಆಳದಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕಲ್ಲಿನ ಸಹವಾಸ ಜಾಸ್ತಿ. ಹತ್ತು ಮಾರಿನ ತೆರೆದ ಬಾವಿಗೆ ಹೋದ ಮಳೆಗಾಲದಲ್ಲೇ ಬಂದ ನೀರು ಇರುತ್ತದೆ.

ಹೀಗಾಗಿ ಮಳೆ ಸುರಿಯುವ ಘಟ್ಟದ ಬಾವಿ, ಝರಿಗಳಲ್ಲಿ ಯುರೇನಿಯಂ ಸಾಮಾನ್ಯವಾಗಿ ತೆಳುವಾಗಿ ಹೋಗಿರುತ್ತದೆ. ಮಳೆ ಕಡಿಮೆ, ಬೋರ್ ಆಳ, ಕೆಳಗೆ ಗ್ರಾನೈಟ್, ಈ ಮೂರೂ ಸೇರಿದ ಕಡೆ ಗಮನ ಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದ ಹಲವು ಬೋರ್‌ಗಳಲ್ಲಿ ಯುರೇನಿಯಂ ಮಿತಿ ಮೀರಿದ್ದು ಕಂಡುಬಂದಿರುವುದು ಇಂಥ ನೆಲದಲ್ಲೇ. ಆದರೂ ಪಕ್ಕಪಕ್ಕದ ಎರಡು ಬೋರ್ ಬೇರೆ ಬೇರೆ ಬಿರುಕಿನ ನೀರು ಎತ್ತುತ್ತಿರಬಹುದು. ಪಕ್ಕದ ಮನೆಯ ವರದಿ ನಿಮ್ಮ ವರದಿ ಅಲ್ಲ.

ಯುರೇನಿಯಂ, ರೇಡಿಯಂ, ರೇಡಾನ್

‘ನೀರಿನಲ್ಲಿ ವಿಕಿರಣ’ ಎನ್ನುವುದು ಒಂದೇ ಪ್ರಶ್ನೆ ಅಲ್ಲ. ಮೂರು ಪ್ರಶ್ನೆ. ಗೊಂದಲ ಹುಟ್ಟುವುದೇ ಇವುಗಳನ್ನು ಒಂದೇ ಚೀಲಕ್ಕೆ ತುಂಬುವುದರಿಂದ.

ಯುರೇನಿಯಂ ಸಿಡಿದು ಸಿಡಿದು ಕೆಲವು ತಲೆಮಾರು ಕಳೆದು ರೇಡಿಯಂ ಆಗುತ್ತದೆ. ರೇಡಿಯಂ ಸಿಡಿದರೆ ರೇಡಾನ್. ಅದೂ ಸಿಡಿಯುತ್ತ ಹೋಗಿ ಕೊನೆಗೆ ಸೀಸವಾಗಿ ನಿಲ್ಲುತ್ತದೆ. ಒಂದೇ ಮನೆತನ, ಆದರೆ ಒಬ್ಬರ ಸ್ವಭಾವ ಇನ್ನೊಬ್ಬರಿಗಿಲ್ಲ.

ಯುರೇನಿಯಂ ವಿಷಯದಲ್ಲಿ ವೈದ್ಯರಿಗೆ ಇರುವ ಮುಖ್ಯ ಚಿಂತೆ ವಿಕಿರಣದ್ದಲ್ಲ. ಆಶ್ಚರ್ಯ ಅಲ್ವಾ? ಅದೊಂದು ಭಾರಲೋಹ, ಸೀಸದ ಹಾಗೆ. ಕುಡಿದ ನೀರಿನ ಯುರೇನಿಯಂನಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಒಂದೆರಡು ಪಾಲು. ಆ ಪಾಲು ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ವರ್ಷಾನುಗಟ್ಟಲೆ ಜಾಸ್ತಿ ಕುಡಿದರೆ ಪೆಟ್ಟು ಬೀಳುವುದು ಅಲ್ಲಿಗೆ. ಅದಕ್ಕೇ ಇದರ ಮಿತಿಯನ್ನು ಬೆಕ್ವೆರೆಲ್‌ನಲ್ಲಿ ಅಲ್ಲ, ತೂಕದಲ್ಲಿ ಹೇಳುತ್ತಾರೆ. ಲೀಟರಿಗೆ 30 ಮೈಕ್ರೋಗ್ರಾಂ. ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ ಮೈಕ್ರೋಗ್ರಾಂ.

ರೇಡಿಯಂ ಮೈಯೊಳಗೆ ಕ್ಯಾಲ್ಸಿಯಂ ವೇಷ ಹಾಕುತ್ತದೆ. ದೇಹ ಮೋಸ ಹೋಗಿ ಅದನ್ನು ಎಲುಬಿನಲ್ಲಿ ಕೂರಿಸುತ್ತದೆ. ಅಲ್ಲಿ ಕೂತು ಅದು ಆಲ್ಫಾ ಎಸೆಯುತ್ತಲೇ ಇರುತ್ತದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ರೇಡಿಯಂ ಕರಗಿಸಿದ ನೀರನ್ನು ಶಕ್ತಿಯ ಔಷಧ ಎಂದು ಶೀಶೆಗಳಲ್ಲಿ ಮಾರುತ್ತಿದ್ದರು. ಅದನ್ನು ವರ್ಷಗಟ್ಟಲೆ ಕುಡಿದ ಶ್ರೀಮಂತ ಉದ್ಯಮಿ ಎಬೆನ್ ಬೈಯರ್ಸ್ ದವಡೆಯ ಎಲುಬು ಕರಗಿ 1932ರಲ್ಲಿ ತೀರಿಕೊಂಡ. ಆ ಶೀಶೆಯಲ್ಲಿ ಇದ್ದದ್ದಕ್ಕೂ ಬೋರ್ ನೀರಿನಲ್ಲಿ ಇರುವುದಕ್ಕೂ ಅಜಗಜಾಂತರ. ಆದರೆ ರೇಡಿಯಂ ಎಲ್ಲಿ ಹೋಗಿ ಕೂರುತ್ತದೆ ಎಂದು ಜಗತ್ತಿಗೆ ಗೊತ್ತಾದದ್ದು ಇಂಥ ಸಾವುಗಳಿಂದ.

ರೇಡಾನ್ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ಇದರ ತೊಂದರೆ ಕುಡಿಯುವುದರಿಂದ ಕಡಿಮೆ, ಉಸಿರಾಡುವುದರಿಂದ ಜಾಸ್ತಿ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ದೊಡ್ಡ ಕಾರಣಗಳಲ್ಲಿ ರೇಡಾನ್ ಒಂದು. ಆದರೆ ಮನೆಯೊಳಗಿನ ರೇಡಾನ್ ಹೆಚ್ಚಾಗಿ ಬರುವುದು ನೆಲದಿಂದ, ನೀರಿನಿಂದಲ್ಲ. ನೀರಿನಲ್ಲಿ ಇರುವುದರಲ್ಲಿ ಸುಮಾರು ಹತ್ತು ಸಾವಿರದ ಒಂದು ಪಾಲಷ್ಟು ಮನೆಯ ಗಾಳಿಗೆ ಸೇರುತ್ತದೆ ಎಂಬ ಲೆಕ್ಕ ಬಳಕೆಯಲ್ಲಿದೆ. ಲೀಟರಿಗೆ 100 ಬೆಕ್ವೆರೆಲ್ ಇರುವ ನೀರು ಬಳಸಿದರೆ ಒಂದು ಘನಮೀಟರ್ ಗಾಳಿಗೆ ಸೇರುವುದು 10 ಬೆಕ್ವೆರೆಲ್. ಕಿಟಕಿ ತೆರೆದಿಡುವ ನಮ್ಮ ಮನೆಗಳಲ್ಲಿ ಅದೂ ನಿಲ್ಲುವುದಿಲ್ಲ. ಹಿಡಕಲ್, ರಕ್ಕಸಕೊಪ್ಪದಂಥ ಜಲಾಶಯದಿಂದ ಬರುವ ನಳದ ನೀರಿನಲ್ಲಿ ರೇಡಾನ್ ಇದ್ದರೂ ದಾರಿಯಲ್ಲೇ ಗಾಳಿಗೆ ಹಾರಿಹೋಗಿರುತ್ತದೆ.

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ?

ಪಂಚಾಯ್ತಿಯಲ್ಲಿ ಇಟ್ಟಿರುವ ನೀರಿನ ಕಿಟ್‌ನಿಂದ ಇದು ಗೊತ್ತಾಗುವುದಿಲ್ಲ. ಅದರಲ್ಲಿ ಬಣ್ಣ ನೋಡಿ ಫ್ಲೋರೈಡ್, ನೈಟ್ರೇಟ್, ಕ್ಲೋರಿನ್ ಹೇಳಬಹುದು. ವಿಕಿರಣಕ್ಕೆ ಬಣ್ಣ ಬದಲಿಸುವ ಹನಿ ಇಲ್ಲ.

ಒಟ್ಟು ಆಲ್ಫಾ, ಒಟ್ಟು ಬೀಟಾ ಅಳೆಯುವ ಹಳೆಯ ಪದ್ಧತಿ ಸರಳ. ನೀರನ್ನು ನಿಧಾನಕ್ಕೆ ಆವಿ ಮಾಡುತ್ತಾರೆ. ತಳದಲ್ಲಿ ಉಳಿದ ಉಪ್ಪನ್ನು ಲೋಹದ ಸಣ್ಣ ತಟ್ಟೆಯ ಮೇಲೆ ತೆಳುವಾಗಿ ಹರಡುತ್ತಾರೆ. ತಟ್ಟೆಯನ್ನು ಸೀಸದ ಗೋಡೆಯ ಪೆಟ್ಟಿಗೆಯಲ್ಲಿಟ್ಟು, ಎಷ್ಟು ಸಿಡಿಯಿತು ಎಂದು ಗಂಟೆಗಟ್ಟಲೆ ಎಣಿಸುತ್ತಾರೆ. ಗಂಟೆಗಟ್ಟಲೆ ಯಾಕೆ ಅಂದರೆ ಸಿಡಿತ ಅಷ್ಟು ವಿರಳ. ಸುತ್ತಲಿನ ಗೋಡೆ, ಆಕಾಶದಿಂದ ಬರುವ ಕಿರಣಗಳ ಸದ್ದಿನಲ್ಲಿ ಇದು ಪಿಸುಮಾತು.

ಇಲ್ಲಿ ಗಮನಿಸಬೇಕಾದ ಎರಡು ಸೂಕ್ಷ್ಮ ಇವೆ. ಒಂದು, ನೀರು ಆವಿಯಾಗುವಾಗ ರೇಡಾನ್ ಓಡಿಹೋಗುತ್ತದೆ. ಹಾಗಾಗಿ ಆಲ್ಫಾ ಸಾಲಿನಲ್ಲಿ ರೇಡಾನ್ ಲೆಕ್ಕ ಇಲ್ಲವೇ ಇಲ್ಲ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಬಾಟಲಿ. ಎರಡು, ವಿಜಯಪುರ ಕಡೆಯ ಗಡಸು ಬೋರ್ ನೀರು ಆವಿಯಾದರೆ ಉಪ್ಪು ದಪ್ಪವಾಗಿ ಉಳಿಯುತ್ತದೆ. ಗೂಳಿ ನಾಲ್ಕೇ ಹೆಜ್ಜೆ ಹೋಗುವುದಲ್ವಾ? ಉಪ್ಪಿನ ಪದರದಲ್ಲೇ ನಿಂತುಬಿಡುತ್ತದೆ. ಎಣಿಸುವ ಯಂತ್ರಕ್ಕೆ ತಲುಪುವುದೇ ಇಲ್ಲ. ಒಳ್ಳೆಯ ಪ್ರಯೋಗಾಲಯ ಇದಕ್ಕೆ ಕಡಿಮೆ ನೀರು ತೆಗೆದುಕೊಳ್ಳುತ್ತದೆ, ಇಲ್ಲವೆ ರಾಸಾಯನಿಕ ಹಾಕಿ ಬೇಕಾದ್ದನ್ನಷ್ಟೇ ಬೇರ್ಪಡಿಸುತ್ತದೆ.

ಯುರೇನಿಯಂ ಅಳೆಯುವುದು ಇದಕ್ಕಿಂತ ಬೇಗ. ಬೆಳಕು ಬಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ. ಹೊಳಪು ಎಷ್ಟಿದೆ ಎಂದು ನೋಡಿ ತೂಕ ಹೇಳುವ ಎಲ್‌ಇಡಿ ಫ್ಲೋರಿಮೀಟರ್ ಎಂಬ ಉಪಕರಣವನ್ನು ಇಂದೋರಿನ ರಾಜಾ ರಾಮಣ್ಣ ಕೇಂದ್ರವೇ ರೂಪಿಸಿದೆ. ಕೇಂದ್ರಕ್ಕೆ ಹೆಸರು ಕೊಟ್ಟ ಅಣುವಿಜ್ಞಾನಿ ರಾಮಣ್ಣ ನಮ್ಮ ತುಮಕೂರಿನವರು. ಮಂಗಳೂರು ವಿಶ್ವವಿದ್ಯಾಲಯದಲ್ಲಂತೂ ಪರಿಸರದ ವಿಕಿರಣ ಅಧ್ಯಯನಕ್ಕೆಂದೇ ಒಂದು ಕೇಂದ್ರ ಇದೆ.

ಕಾಕಾನ ವರದಿಯನ್ನು ಓದೋಣ

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500. ಅದರ ಪ್ರಕಾರ ಆಲ್ಫಾ ಲೀಟರಿಗೆ 0.1 ಬೆಕ್ವೆರೆಲ್, ಬೀಟಾ 1 ಬೆಕ್ವೆರೆಲ್ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ ಆಲ್ಫಾಕ್ಕೆ ಇಟ್ಟಿರುವ ಅಂಕಿ 0.5. ಇವು ಚೆಕ್‌ಪೋಸ್ಟ್ ಇದ್ದ ಹಾಗೆ. ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿದರು ಎಂದರೆ ಡಿಕ್ಕಿ ತೆಗೆದು ನೋಡುತ್ತಾರೆ ಎಂದರ್ಥ. ಕೇಸ್ ಹಾಕಿದರು ಎಂದಲ್ಲ.

ಬಿಡಿಎಲ್ ಎಂದರೆ ಅಳತೆಗೆ ಸಿಗುವ ಮಟ್ಟಕ್ಕಿಂತ ಕಡಿಮೆ. ಸೊನ್ನೆ ಎಂದಲ್ಲ. ಆ ಮಟ್ಟ ಎಷ್ಟು ಎಂದು ವರದಿಯಲ್ಲಿ ಬರೆದಿರಬೇಕು. ಅದು 0.1ಕ್ಕಿಂತ ಕಡಿಮೆ ಇದ್ದರೆ ಮಾತ್ರ ಆ ಬಿಡಿಎಲ್‌ಗೆ ಬೆಲೆ. ಕಾಕಾನ ವರದಿಯಲ್ಲಿ 0.05 ಎಂದಿತ್ತು. ಆಲ್ಫಾ ಚಿಂತೆ ಅಲ್ಲಿಗೆ ಮುಗಿಯಿತು.

ಬೀಟಾ 0.2. ಮಿತಿಯ ಐದರಲ್ಲಿ ಒಂದು ಪಾಲು. ಆದರೂ ಅದು ಎಲ್ಲಿಂದ ಬಂತು ಎಂದು ನೋಡಬಹುದು. 1 ಮಿಲಿಗ್ರಾಂ ಪೊಟ್ಯಾಸಿಯಂ ಸುಮಾರು 0.028 ಬೆಕ್ವೆರೆಲ್ ಬೀಟಾ ಕೊಡುತ್ತದೆ. ಅದೇ ವರದಿಯ ಮೇಲಿನ ಸಾಲಿನಲ್ಲಿ ಪೊಟ್ಯಾಸಿಯಂ 6 ಮಿಲಿಗ್ರಾಂ ಎಂದಿತ್ತು. ಗುಣಿಸಿದರೆ 0.17. ಉಳಿದ 0.03 ಎಣಿಕೆಯ ಏರುಪೇರಿನಲ್ಲೇ ಮುಳುಗಿಹೋಗುತ್ತದೆ. ಅಂದರೆ ಕಾಕಾನನ್ನು ಹೆದರಿಸಿದ್ದು ಪೊಟ್ಯಾಸಿಯಂ. ಎಳನೀರು, ಬಾಳೆಹಣ್ಣಿನಲ್ಲಿ ಇರುವುದೇ ಇದು. ಕಬ್ಬಿಗೆ ಪೊಟ್ಯಾಶ್ ಹಾಕುವ ಊರುಗಳಲ್ಲಿ ನೀರಿನ ಬೀಟಾ ಸ್ವಲ್ಪ ಏರಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಈಗ ಒಂದು ವಿಚಿತ್ರ ನೋಡಿ. 1 ಮೈಕ್ರೋಗ್ರಾಂ ಯುರೇನಿಯಂ ಸುಮಾರು 0.025 ಬೆಕ್ವೆರೆಲ್ ಆಲ್ಫಾ ಕೊಡುತ್ತದೆ. ಲೀಟರಿಗೆ 10 ಮೈಕ್ರೋಗ್ರಾಂ ಇರುವ ನೀರು ಯುರೇನಿಯಂ ಪರೀಕ್ಷೆಯಲ್ಲಿ ಆರಾಮಾಗಿ ಪಾಸು, ಮಿತಿ 30 ಅಲ್ವಾ. ಆದರೆ ಅದರ ಆಲ್ಫಾ 0.25. ನಮ್ಮ ಮಾನಕದ 0.1ರ ಮುಂದೆ ಫೇಲು. ಒಂದೇ ನೀರು, ಒಂದು ಸಾಲಿನಲ್ಲಿ ಒಳ್ಳೆಯದು, ಇನ್ನೊಂದರಲ್ಲಿ ಕೆಟ್ಟದ್ದು. ವರದಿ ಹಿಡಿದು ಗಾಬರಿಯಾಗುವವರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆಲ್ಫಾ ಮೀರಿದಾಗ ಮಾಡಬೇಕಾದ್ದು ಇಷ್ಟು. ಯುರೇನಿಯಂ ಬೇರೆ ಅಳೆಸಿ, ಅದರ ಪಾಲನ್ನು ಕಳೆಯಿರಿ. ಉಳಿದದ್ದು ಜಾಸ್ತಿ ಇದ್ದರೆ ರೇಡಿಯಂ ಪರೀಕ್ಷೆ.

30 ಎಂಬ ಅಂಕಿಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ 2 ಎಂದಿತ್ತು, 2004ರಲ್ಲಿ 15 ಮಾಡಿತು, 2011ರಲ್ಲಿ 30. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 60 ಎಂದು ಇಟ್ಟಿತ್ತು. ವಿಕಿರಣದ ಲೆಕ್ಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ದಿನಕ್ಕೆ 2 ಲೀಟರಿನಂತೆ ವರ್ಷವಿಡೀ ಕುಡಿದರೂ ನೀರಿನಿಂದ ಬರುವ ಪ್ರಮಾಣ 0.1 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ದಾಟದಿರಲಿ. ನೆಲ, ಗಾಳಿ, ಆಕಾಶ, ಊಟ ಎಲ್ಲ ಸೇರಿ ಮನುಷ್ಯನಿಗೆ ವರ್ಷಕ್ಕೆ ಸರಾಸರಿ ಸಿಗುವುದು 2.4 ಮಿಲಿಸೀವರ್ಟ್.

ಮೀರಿದರೆ ದಾರಿ ಏನು?

ಕುದಿಸಿದರೆ ರೇಡಾನ್ ಹೋಗುತ್ತದೆ. ಯುರೇನಿಯಂ, ರೇಡಿಯಂ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಗಟ್ಟಿಯಾಗುತ್ತವೆ. ಬಟ್ಟೆಯಲ್ಲಿ ಸೋಸುವುದು, ತಾಮ್ರದ ಕೊಡ, ಪಟಿಕ ಕಲ್ಲು ತಿರುಗಿಸುವುದನ್ನು ನಂಬಿ ಕೂರಬಾರದು.

ಆರ್‌ಒ ಯಂತ್ರ ಯುರೇನಿಯಂ, ರೇಡಿಯಂ ಎರಡನ್ನೂ ನೂರಕ್ಕೆ ತೊಂಬತ್ತರ ಮೇಲೆ ತೆಗೆಯುತ್ತದೆ. ಊರಿನ ಶುದ್ಧ ನೀರಿನ ಘಟಕ ಮಾಡುವುದೂ ಅದನ್ನೇ, ಪೊರೆ ಸಮಯಕ್ಕೆ ಬದಲಿಸಿದ್ದರೆ. ತೆಗೆದದ್ದು ಮಾಯವಾಗುವುದಿಲ್ಲ, ಹೊರಗೆ ಬಿಡುವ ನೀರಿನಲ್ಲಿ ಸೇರುತ್ತದೆ. ಆ ನೀರನ್ನು ದನಕ್ಕೆ ಕುಡಿಸುವುದು, ಬಾವಿಯ ಪಕ್ಕ ಬಿಡುವುದು ಬೇಡ. ರೇಡಾನ್‌ಗೆ ಆರ್‌ಒ ಬೇಕಿಲ್ಲ. ನೀರು ಟಾಕಿಗೆ ಮೇಲಿನಿಂದ ಧಾರೆಯಾಗಿ ಬೀಳಲಿ, ಟಾಕಿಗೆ ಗಾಳಿಯ ದಾರಿ ಇರಲಿ. ಎಲ್ಲಕ್ಕಿಂತ ಸುಲಭದ್ದು ಮೂಲ ಬದಲಿಸುವುದು: ನದಿ ನೀರಿನ ನಳ ಇದ್ದರೆ ಕುಡಿಯಲು ಅದು, ಬೋರ್ ಬಳಕೆಗೆ.

ನನ್ನನ್ನು ಕೇಳಿದರೆ, ಪರೀಕ್ಷೆಗೆ ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲು ರೋಗಾಣು, ಫ್ಲೋರೈಡ್, ನೈಟ್ರೇಟ್ ನೋಡಿಸಿ. ವಾಂತಿಭೇದಿ ವಾರದಲ್ಲಿ ಮಲಗಿಸುತ್ತದೆ. ಯುರೇನಿಯಂಗೆ ಅವಸರ ಇಲ್ಲ. ಗ್ರಾನೈಟ್ ನೆಲದ ಆಳದ ಬೋರ್ ನೀರನ್ನೇ ವರ್ಷವಿಡೀ ಕುಡಿಯುವವರು ಮಾತ್ರ ಅದನ್ನೂ ಪಟ್ಟಿಗೆ ಸೇರಿಸಿ.

ಬಾಟಲಿ ತುಂಬುವುದು

ಪರೀಕ್ಷೆ ಕೆಡುವುದು ಹೆಚ್ಚಾಗಿ ಪ್ರಯೋಗಾಲಯದಲ್ಲಿ ಅಲ್ಲ, ಬೋರಿನ ಬಾಯಲ್ಲಿ. ಪಂಪು ಶುರುಮಾಡಿದ ಕೂಡಲೇ ಬರುವುದು ಪೈಪಿನಲ್ಲಿ ನಿಂತ ನೀರು. ಕೆಲವು ನಿಮಿಷ ಹರಿಯಬಿಟ್ಟು ಆಮೇಲೆ ಹಿಡಿಯಬೇಕು. ಟಾಕಿಯಿಂದಲ್ಲ, ಪಂಪಿನ ಹತ್ತಿರದ ನಳದಿಂದ. ಯುರೇನಿಯಂ, ಆಲ್ಫಾ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿ. ಅದಕ್ಕೆ ಕೆಲವು ಹನಿ ನೈಟ್ರಿಕ್ ಆಮ್ಲ ಹಾಕುತ್ತಾರೆ, ಇಲ್ಲದಿದ್ದರೆ ಯುರೇನಿಯಂ ಬಾಟಲಿಯ ಗೋಡೆಗೇ ಅಂಟಿ ಕೂರುತ್ತದೆ. ಅದನ್ನು ಪ್ರಯೋಗಾಲಯದವರೇ ಹಾಕಲಿ. ರೇಡಾನ್‌ಗೆ ಗಾಜಿನ ಬಾಟಲಿ, ಸದ್ದಿಲ್ಲದೆ ತುಳುಕುವವರೆಗೆ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳ. ಸಮಯ ಬರೆದು ಅದೇ ದಿನ ಕಳಿಸಬೇಕು. 3.8 ದಿನಕ್ಕೆ ಅರ್ಧ ಖಾಲಿ ಎನ್ನುವುದು ನೆನಪಿದೆಯಲ್ಲ.

ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆಯ ಕೊನೆಗೆ ಒಮ್ಮೆ ನೋಡಿಸಿದರೆ ಒಳ್ಳೆಯದು. ನೀರಿನ ಮಟ್ಟ ಕುಸಿದಾಗ ಬೋರ್ ಬೇರೆ ಬಿರುಕಿನಿಂದ ಎಳೆಯಬಹುದು. ಕಾಕಾನ ಮೊದಲ ಪರೀಕ್ಷೆ ಆದದ್ದು ನವೆಂಬರಿನಲ್ಲಿ. ಮೇ ತಿಂಗಳಿಗೆ ಈಗಲೇ ಬಾಟಲಿ ತೊಳೆದು ಒಣಗಿಸಿಟ್ಟಿದ್ದಾರಂತೆ. ಯಾವ ಬಾಟಲಿ ಎಂದು ಕೇಳಿದೆ. "ಪೆಪ್ಸಿದ್ದು, ಎರಡ ಲೀಟರಿಂದು. ಗಟ್ಟಿ ಐತಿ." ಬೇಡ ಕಾಕಾ, ಪ್ರಯೋಗಾಲಯದ ಬಾಟಲಿಯನ್ನೇ ತರಿಸೋಣ ಎಂದೆ.